ಮಗುವಿನ ಕಡೆಯವರು ಯಾರು?

ಜಿಲ್ಲಾ ನ್ಯಾಯಾಲಯದ ಮೊದಲ ಮಹಡಿಯ ಕಾರಿಡಾರಿನಲ್ಲಿ ಒಂದು ಮರದ ಬೆಂಚಿದೆ. ಮೂರು ಜನ ಕೂರಬಹುದು, ಒತ್ತಿಕೊಂಡರೆ ನಾಲ್ಕು. ಅವತ್ತು ಬೆಳಿಗ್ಗೆ ಹತ್ತೂವರೆಗೆ ಅದರ ಮೇಲೆ ಕೂತಿದ್ದವರು ನಾನು, ನಮ್ಮ ಬೀದಿಯಲ್ಲಿ ಬ್ಲೌಸ್ ಹೊಲಿದು ಸಂಸಾರ ನಡೆಸುವ ಒಬ್ಬ ಹೆಂಗಸು, ಅವಳ ಮಗಳು. ಹುಡುಗಿ ಶಾಲೆಯ ಯೂನಿಫಾರ್ಮಿನಲ್ಲೇ ಬಂದಿದ್ದಳು. ಬೇಗ ಮುಗಿದರೆ ಮಧ್ಯಾಹ್ನದ ಗಣಿತದ ಟೆಸ್ಟಿಗೆ ಹೋಗಿಬಿಡಬಹುದು ಎಂಬುದು ಅವಳ ಲೆಕ್ಕ. ಹಿಂದಿನ ರಾತ್ರಿ ತಾಯಿ ನಮ್ಮ ಮನೆಗೆ ಬಂದು, "ಅಕ್ಕ, ನಾಳೆ ಒಂದಿನ ಜೊತೇಲಿ ಬರ್ತೀರಾ? ಅಲ್ಲಿ ಏನ್ ಬರೆದಿರ್ತಾರೋ, ನಂಗೆ ಓದಕ್ಕೆ ಬರಲ್ಲ" ಅಂದಿದ್ದಳು. ಕಾಲೇಜಿಗೆ ರಜೆ ಹಾಕಿ ಹೋಗಿದ್ದೆ. ನಮ್ಮೆದುರಿನ ಗೋಡೆಗೆ ಒರಗಿಕೊಂಡು, ಪೇಪರ್ ಕಪ್ಪಿನಲ್ಲಿ ಟೀ ಕುಡಿಯುತ್ತ, ಎಂಟು ಹೆಜ್ಜೆ ದೂರದಲ್ಲಿ ನಿಂತಿದ್ದವನು ಆರೋಪಿ. ಜಾಮೀನಿನ ಮೇಲಿದ್ದ. ಹುಡುಗಿ ತನ್ನ ಶೂ ನೋಡುತ್ತ ಕೂತಿದ್ದಳು. ಎರಡು ಗಂಟೆ ಹೊತ್ತು ಹಾಗೇ ಕೂತಿದ್ದಳು.

ಇಲ್ಲಿ ಊರು, ವಯಸ್ಸು, ಕಸುಬು ಎಲ್ಲವನ್ನೂ ಬದಲಿಸಿದ್ದೇನೆ. ಆರೋಪಿಗೂ ಮಗುವಿಗೂ ಏನು ಸಂಬಂಧ ಎಂಬುದನ್ನು ಬರೆಯುವುದಿಲ್ಲ. ಮನೆಗೆ ಬಂದು ಹೋಗುತ್ತಿದ್ದವನು, ಅಷ್ಟು ಸಾಕು. ಮಗುವಿನ ಗುರುತು ಹತ್ತುವಂಥದ್ದನ್ನು ಪ್ರಕಟಿಸಬಾರದು ಎಂದು ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಹೇಳುತ್ತದೆ. ಹೇಳದಿದ್ದರೂ ನಾನು ಬದಲಿಸುತ್ತಿದ್ದೆ. ಬದಲಿಸದೆ ಉಳಿಸಿಕೊಂಡಿರುವುದು ಕಾರಿಡಾರು, ಬೆಂಚು, ಟೀ ಕಪ್ಪು.

ಮನೆಗೆ ಬಂದ ಮೇಲೆ ಆ ಕಾಯ್ದೆಯನ್ನು ಪೂರ್ತಿ ಓದಿದೆ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಈ ಕಾಯ್ದೆ ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನ. ಅದರ ಕೆಲವು ಭಾಗಗಳನ್ನು ಯಾರೋ ಮಗುವಿನ ಎತ್ತರಕ್ಕೆ ಬಗ್ಗಿ ಕೂತು ಬರೆದಂತಿದೆ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ, ಅಥವಾ ಅದು ಇಷ್ಟಪಡುವ ಜಾಗದಲ್ಲಿ ಪಡೆಯಬೇಕು. ಸಾಧ್ಯವಿದ್ದಷ್ಟೂ ಮಹಿಳಾ ಸಬ್ ಇನ್‌ಸ್ಪೆಕ್ಟರ್ ಬರಬೇಕು, ಸಮವಸ್ತ್ರದಲ್ಲಿ ಬರಬಾರದು. ರಾತ್ರಿ ಯಾವ ಕಾರಣಕ್ಕೂ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಕೋರ್ಟಿನಲ್ಲಿ ವಕೀಲರು ಮಗುವಿಗೆ ನೇರವಾಗಿ ಪ್ರಶ್ನೆ ಹಾಕುವಂತಿಲ್ಲ, ನ್ಯಾಯಾಧೀಶರ ಮೂಲಕವೇ ಕೇಳಬೇಕು. ನಡುನಡುವೆ ಬಿಡುವು ಕೊಡಬೇಕು. ಪದೇ ಪದೇ ಕರೆಸಬಾರದು. ಸಾಕ್ಷಿ ನುಡಿಯುವಾಗ ಆರೋಪಿ ಮಗುವಿನ ಕಣ್ಣಿಗೆ ಬೀಳಬಾರದು, ಅದಕ್ಕಾಗಿ ಪರದೆಯನ್ನೋ ವಿಡಿಯೊವನ್ನೋ ಬಳಸಬಹುದು. ಇದು 36ನೇ ಸೆಕ್ಷನ್.

ಪರದೆ ಇತ್ತು. ನಾನು ಕಂಡಿದ್ದೇನೆ, ಹಸಿರು ಬಟ್ಟೆಯದು, ಕೋರ್ಟ್ ಹಾಲಿನ ಒಳಗೆ. ಕಾರಿಡಾರಿನಲ್ಲಿ ಪರದೆ ಇರಲಿಲ್ಲ. ಮೆಟ್ಟಿಲಿನಲ್ಲಿ, ಕುಡಿಯುವ ನೀರಿನ ನಲ್ಲಿಯ ಹತ್ತಿರ, ಕ್ಯಾಂಟೀನಿನಲ್ಲಿ ಇರಲಿಲ್ಲ. ಸಂಜೆ ಐದೂಕಾಲಿನ ಕೆಂಪು ಬಸ್ಸಿನಲ್ಲಿ ಅವನು ಹಿಂದಿನ ಬಾಗಿಲಿನಿಂದ ಹತ್ತಿದ. ನಾವು ಇಳಿದ ಸ್ಟಾಪಿನಲ್ಲೇ ಇಳಿದ. ಹುಡುಗಿ ತಾಯಿಯ ಸೆರಗು ಹಿಡಿದುಕೊಂಡಿದ್ದಳು, ಆ ವಯಸ್ಸಿನ ಮಕ್ಕಳು ಸಾಮಾನ್ಯವಾಗಿ ಸೆರಗು ಹಿಡಿಯುವುದಿಲ್ಲ.

ಆ ದಿನ ಸಾಕ್ಷಿ ಆಗಲೇ ಇಲ್ಲ. ಆರೋಪಿಯ ವಕೀಲರು ಬೇರೆ ಕೋರ್ಟಿನಲ್ಲಿದ್ದರಂತೆ, ವಾಯಿದೆ ಕೊಟ್ಟರು. ಎರಡನೇ ಸಲ ಹೋದಾಗ ನ್ಯಾಯಾಧೀಶರು ರಜೆಯಲ್ಲಿದ್ದರು. ಮೂರನೇ ಸಲ ಕರೆ ಬಂತು. ತಾಯಿ ಮಗಳ ಹಿಂದೆ ನಾನೂ ಎದ್ದೆ. ಬಾಗಿಲಲ್ಲಿ ಅಟೆಂಡರ್ ತಡೆದ. ಒರಟಾಗಿ ಏನಲ್ಲ, ಅವನ ಕೆಲಸ ಅವನು ಮಾಡಿದ. "ಇದು ಇನ್ ಕ್ಯಾಮೆರಾ, ಮೇಡಂ. ನೀವ್ಯಾರು?"

ಪಕ್ಕದ ಮನೆಯವಳು ಅಂದೆ. "ಸಂಬಂಧಿಕರಾ?" ಅಲ್ಲ ಅಂದೆ. "ವಕೀಲರಾ?" ಅಲ್ಲ ಅಂದೆ. ಅವನಿಗೆ ಮೂರನೇ ಪ್ರಶ್ನೆ ಹೊಳೆಯಲಿಲ್ಲ. ನನಗೂ ಉತ್ತರ ಹೊಳೆಯಲಿಲ್ಲ. ಹುಡುಗಿ ತಿರುಗಿ ನನ್ನನ್ನು ನೋಡಿ ಒಳಗೆ ಹೋದಳು. ಬೆಂಚಿನ ಮೇಲೆ ವಾಪಸ್ ಕೂತೆ.

ಉತ್ತರ ಇತ್ತು ಅನ್ನುವುದು ನನಗೆ ಗೊತ್ತಾದದ್ದು ಆಮೇಲೆ. ಪೋಷಕರು ಮಾತ್ರವಲ್ಲ, ಮಗು ನಂಬುವ ಬೇರೆ ಯಾರಾದರೂ ವಿಚಾರಣೆಯ ಹೊತ್ತಿಗೆ ಒಳಗಿರಬಹುದು ಎಂದು ಕಾಯ್ದೆಯ 37ನೇ ಸೆಕ್ಷನ್ನೇ ಹೇಳುತ್ತದೆ. ಮಿಗಿಲಾಗಿ, 2020ರ ಪೋಕ್ಸೊ ನಿಯಮಗಳಲ್ಲಿ ಒಬ್ಬ ಮನುಷ್ಯ ಇದ್ದಾನೆ, ಅಥವಾ ಇದ್ದಾಳೆ. ದೂರು ದಾಖಲಾದ 24 ಗಂಟೆಯೊಳಗೆ ಪೊಲೀಸರು ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು, ಸಮಿತಿ ತನಿಖೆಯಿಂದ ಹಿಡಿದು ವಿಚಾರಣೆಯ ಕೊನೆಯವರೆಗೆ ಮಗುವಿನ ಜೊತೆಗಿರಲು ಒಬ್ಬರನ್ನು ನೇಮಿಸಬಹುದು. ಇಂಗ್ಲಿಷಿನಲ್ಲಿ ಸಪೋರ್ಟ್ ಪರ್ಸನ್, ಕನ್ನಡದಲ್ಲಿ ಬೆಂಬಲ ವ್ಯಕ್ತಿ. ಮುಂದೇನು ನಡೆಯುತ್ತದೆ ಎಂದು ಮಗುವಿಗೆ, ಮನೆಯವರಿಗೆ ಅರ್ಥವಾಗುವ ಹಾಗೆ ಹೇಳುವುದು ಇವರ ಕೆಲಸ. ಆರೋಪಿಯ ಬಂಧನವಾಯಿತೇ, ಜಾಮೀನು ಸಿಕ್ಕಿತೇ, ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತೇ, ಮುಂದಿನ ವಾಯಿದೆ ಎಂದು, ತೀರ್ಪು ಏನಾಯಿತು, ಪರಿಹಾರ ಎಲ್ಲಿ ಕೇಳಬೇಕು, ಇವೆಲ್ಲ ಇವರಿಂದ ತಿಳಿಯಬೇಕು. ಮಗುವಿಗೆ ಆರೋಪಿಯ ಭಯವಿದ್ದರೆ ಅದನ್ನು ಸಂಬಂಧಪಟ್ಟವರಿಗೆ ಮುಟ್ಟಿಸಬೇಕು. ನೇಮಕವಾಗಿದ್ದನ್ನು ಪೊಲೀಸರು ವಿಶೇಷ ನ್ಯಾಯಾಲಯಕ್ಕೆ ಬರಹದಲ್ಲಿ ತಿಳಿಸಬೇಕು. ಅಂದರೆ ಅಟೆಂಡರ್ ಕೇಳಬಹುದಾಗಿದ್ದ ಮೂರನೇ ಪ್ರಶ್ನೆಗೆ ಉತ್ತರ ಫೈಲಿನಲ್ಲೇ ಇರಬೇಕಿತ್ತು. ಈ ಕೇಸಿನ ಫೈಲಿನಲ್ಲಿ ಅಂಥ ಹೆಸರಿರಲಿಲ್ಲ. ಅಂಥ ಒಬ್ಬರನ್ನು ಕೇಳಬಹುದೆಂದು ಆ ತಾಯಿಗೆ ಯಾರೂ ಹೇಳಿರಲಿಲ್ಲ.

'ಬೆಂಬಲ ವ್ಯಕ್ತಿ' ಎಂಬ ಮಾತು ನನ್ನ ನಾಲಿಗೆಗೆ ಹತ್ತುವುದಿಲ್ಲ. ನಮ್ಮಲ್ಲಿ ಇದಕ್ಕೆ ಹಳೆಯ ಮಾತೇ ಇದೆ. ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್ ಬಾಗಿಲಿಗೆ ಬಂದು ಕೂಗುತ್ತಾರೆ: "ಪೇಷೆಂಟ್ ಕಡೆಯವರು ಯಾರ್ರೀ?" ಯಾರಾದರೂ ಒಬ್ಬರು ಎದ್ದು ನಿಲ್ಲುತ್ತಾರೆ. ಅಕ್ಕನೋ ಅಳಿಯನೋ ಊರಿನವರೋ, ಯಾರೆಂದು ನರ್ಸ್ ಕೇಳುವುದಿಲ್ಲ. ಕಡೆಯವರು ಇದ್ದಾರೆ, ಅಷ್ಟೇ ಮುಖ್ಯ. ಔಷಧಿ ಚೀಟಿ ಅವರ ಕೈಗೆ ಹೋಗುತ್ತದೆ.

ಈ ಪ್ರಶ್ನೆಯನ್ನು ಕೋರ್ಟಿನಲ್ಲಿ ಕೇಳಿ ನೋಡಿ. ಮಗುವಿನ ಕಡೆಯವರು ಯಾರು? ಸರ್ಕಾರಿ ಅಭಿಯೋಜಕರು ಸರ್ಕಾರದ ಕಡೆಯವರು, ಅವರ ಮುಂದೆ ಅವತ್ತು ಹದಿನೈದು ಕಡತ. ತನಿಖಾಧಿಕಾರಿ ಕೇಸಿನ ಕಡೆಯವರು, ಅದರ ನಡುವೆ ಬಂದೋಬಸ್ತ್ ಡ್ಯೂಟಿ ಬೇರೆ. ವೈದ್ಯರು ವರದಿಯ ಕಡೆಯವರು. ತಾಯಿ? ತಾಯಿ ಮಗುವಿನ ಕಡೆಯವಳೇ, ಆದರೆ ಗಂಡನ ಕಡೆಯವಳೂ ಹೌದು, ಅತ್ತೆಮನೆಯ ಕಡೆಯವಳೂ ಹೌದು, ಕೆಲವು ಸಲ ಆರೋಪಿಯ ಅಕ್ಕನೂ ಹೌದು. ಮಗುವಿನ ಕಡೆಗೆ ಮಾತ್ರ ಇರುವವರು, ಬೇರೆ ಯಾವ ಲೆಕ್ಕವನ್ನೂ ಇಟ್ಟುಕೊಳ್ಳದವರು ಎಂದು ಕಾನೂನು ಬರೆದಿಟ್ಟಿರುವುದು ಈ ಒಬ್ಬರನ್ನು. ಆ ಒಬ್ಬರ ಕುರ್ಚಿ ಖಾಲಿ. ಇದು ನನ್ನ ತಕರಾರು.

ಖಾಲಿ ಇದ್ದರೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ಒಂದು ಮಗು ಒಂದೇ ಮಾತನ್ನು ಎಷ್ಟು ಸಲ ಹೇಳುತ್ತದೆ ಎಂದು ಎಣಿಸಿ. ಮೊದಲು ತಾಯಿಗೆ. ತಾಯಿ ಅರ್ಥವಾಗದವಳಂತೆ ಮತ್ತೊಮ್ಮೆ ಕೇಳುತ್ತಾಳೆ. ಆಮೇಲೆ ಠಾಣೆಯಲ್ಲಿ ರೈಟರ್ ಮುಂದೆ. ಮಹಿಳಾ ಅಧಿಕಾರಿ ಬಂದ ಮೇಲೆ ಮತ್ತೆ ಮೊದಲಿಂದ. ಆಸ್ಪತ್ರೆಯಲ್ಲಿ ಡಾಕ್ಟರಿಗೆ. ಮಕ್ಕಳ ಕಲ್ಯಾಣ ಸಮಿತಿಯ ಸದಸ್ಯರ ಮುಂದೆ. ಮ್ಯಾಜಿಸ್ಟ್ರೇಟರ ಮುಂದೆ, ಹಿಂದೆ ಅದು 164ನೇ ಸೆಕ್ಷನ್, 2024ರ ಜುಲೈಯಿಂದ ಹೊಸ ಸಂಹಿತೆಯಲ್ಲಿ 183. ನಡುವೆ ಸ್ಥಳ ಮಹಜರು, ಪಂಚರು ನೋಡುತ್ತಿರುವಾಗ ಇದೇ ಜಾಗ, ಇದೇ ಕೋಣೆ ಎಂದು ಬೆರಳಿಟ್ಟು ತೋರಿಸಬೇಕು. ವರ್ಷ ಕಳೆದ ಮೇಲೆ ಅಭಿಯೋಜಕರ ಕೋಣೆಯಲ್ಲಿ. ಕೊನೆಗೆ ಕೋರ್ಟಿನಲ್ಲಿ ಮುಖ್ಯ ವಿಚಾರಣೆ, ಪಾಟೀಸವಾಲು. ಪ್ರತಿಯೊಂದಕ್ಕೂ ಒಂದು ಕಾರಣವಿದೆ, ಪ್ರತಿಯೊಬ್ಬರೂ ತಮ್ಮ ನಮೂನೆಯನ್ನು ತುಂಬುತ್ತಿದ್ದಾರೆ. ಆದರೆ ಒಟ್ಟು ಎಷ್ಟಾಯಿತು ಎಂದು ಲೆಕ್ಕ ಇಡುವವರು ಯಾರೂ ಇಲ್ಲ. ಹೇಳಿದಷ್ಟೂ ಸಲ ಒಂದೊಂದು ಮಾತು ಆಚೀಚೆ ಆಗುತ್ತದೆ, ನಿಮಗೂ ಆಗುತ್ತದೆ, ನನಗೂ ಆಗುತ್ತದೆ. ಪಾಟೀಸವಾಲಿನಲ್ಲಿ ಕೈಗೆ ಸಿಗುವುದು ಅದೇ: ಪೊಲೀಸರ ಮುಂದೆ ಸಂಜೆ ಎಂದಿದೆ, ಮ್ಯಾಜಿಸ್ಟ್ರೇಟರ ಮುಂದೆ ರಾತ್ರಿ ಎಂದಿದೆ, ಎರಡರಲ್ಲಿ ಯಾವುದು ಸುಳ್ಳು? ಏಳು ಗಂಟೆಯನ್ನು ಸಂಜೆ ಅನ್ನಬೇಕೋ ರಾತ್ರಿ ಅನ್ನಬೇಕೋ ನಾನೂ ತಡವರಿಸುತ್ತೇನೆ.

ಐಸ್‌ಲ್ಯಾಂಡಿನಲ್ಲಿ 1998ರಲ್ಲಿ ಒಂದು ಮನೆ ತೆರೆದರು. ಮನೆ ಎಂದೇ ಅದರ ಹೆಸರು, ಬಾರ್ನಾಹುಸ್, ಮಕ್ಕಳ ಮನೆ. ತರಬೇತಾದ ಒಬ್ಬರು ಮಗುವಿನ ಜೊತೆ ಕೂತು ಮಾತಾಡುತ್ತಾರೆ. ಪೊಲೀಸರು, ವಕೀಲರು, ನ್ಯಾಯಾಧೀಶರು ಪಕ್ಕದ ಕೋಣೆಯಲ್ಲಿ ತೆರೆಯ ಮೇಲೆ ನೋಡುತ್ತಾರೆ. ರೆಕಾರ್ಡ್ ಆಗುತ್ತದೆ. ಡಾಕ್ಟರ ಕೋಣೆಯೂ ಆಪ್ತ ಸಮಾಲೋಚನೆಯೂ ಅದೇ ಮನೆಯಲ್ಲಿ. ಯುರೋಪಿನ ಎಷ್ಟೋ ದೇಶಗಳು ಅದನ್ನು ಅನುಸರಿಸಿವೆ. ನಮ್ಮದು ದೊಡ್ಡ ದೇಶ, ಅಲ್ಲಿಯದು ಇಲ್ಲಿ ನಡೆಯುವುದಿಲ್ಲ ಎನ್ನುತ್ತಾರೆ. ಸರಿ, ಮನೆ ಬೇಡ. ಜಿಲ್ಲೆಗೆ ಒಂದು ಪ್ರತ್ಯೇಕ ಬಾಗಿಲು, ಕಾಯಲು ಒಂದು ಪ್ರತ್ಯೇಕ ಕೋಣೆ, ಜೊತೆಗೆ ಒಬ್ಬರು. ಇದಕ್ಕೆ ಐಸ್‌ಲ್ಯಾಂಡ್ ಆಗಬೇಕಿಲ್ಲ.

ಡಾಕ್ಟರ ಕೋಣೆಯ ಬಗ್ಗೆ ಒಂದು ಮಾತು. ಎರಡು ಬೆರಳಿನ ಪರೀಕ್ಷೆ ಘನತೆಗೆ ವಿರುದ್ಧವಾದದ್ದು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. 2022ರ ಅಕ್ಟೋಬರಿನಲ್ಲಿ ಮತ್ತೆ ಹೇಳಬೇಕಾಯಿತು, ಇನ್ನು ಮುಂದೆ ಮಾಡುವವರು ದುರ್ನಡತೆಯ ಅಪರಾಧಿಗಳು ಎಂದು ಸೇರಿಸಬೇಕಾಯಿತು. ಒಂಬತ್ತು ವರ್ಷ. ಪರೀಕ್ಷೆಗೆ ಒಪ್ಪಿಗೆ ಬೇಕು, ಒಲ್ಲೆ ಎನ್ನಬಹುದು, ಹುಡುಗಿಯಾದರೆ ಮಹಿಳಾ ವೈದ್ಯರೇ ಬೇಕು, ಮಗು ನಂಬುವವರೊಬ್ಬರು ಕೋಣೆಯಲ್ಲಿರಬೇಕು, ಚಿಕಿತ್ಸೆಯನ್ನು ಖಾಸಗಿ ಆಸ್ಪತ್ರೆಯೂ ಉಚಿತವಾಗಿ ಕೊಡಬೇಕು ಎಂಬುದೆಲ್ಲ ರಾತ್ರಿ ಹನ್ನೊಂದು ಗಂಟೆಗೆ ಕ್ಯಾಷುವಾಲಿಟಿ ಮುಂದೆ ನಿಂತ ತಾಯಿಗೆ ಯಾರು ಹೇಳಬೇಕು? ಗೋಡೆಯ ಮೇಲಿನ ಫಲಕವೇ?

ಇನ್ನು ಮನೆಯವರ ಪಾಡು. ಇದನ್ನು ನಮ್ಮ ಚರ್ಚೆಗಳು ಮುಟ್ಟುವುದೇ ಇಲ್ಲ. ಪರಿಚಿತರಲ್ಲದವರು ಮಾಡಿದ ಕೃತ್ಯವಾದರೆ ಇಡೀ ಬೀದಿ ಮನೆಯವರ ಪರ ನಿಲ್ಲುತ್ತದೆ. ಆದರೆ ಎನ್‌ಸಿಆರ್‌ಬಿಯ ವರದಿಗಳು ವರ್ಷ ವರ್ಷವೂ ಒಂದೇ ಮಾತು ಹೇಳುತ್ತವೆ: ಮಕ್ಕಳ ಮೇಲಿನ ಅತ್ಯಾಚಾರ ಪ್ರಕರಣಗಳಲ್ಲಿ 100ಕ್ಕೆ 90ಕ್ಕೂ ಹೆಚ್ಚು ಆರೋಪಿಗಳು ಮಗುವಿಗೆ ಗೊತ್ತಿದ್ದವರು. ಗೊತ್ತಿದ್ದವನೆಂದರೆ ಮನೆಗೆ ದುಡಿದು ಹಾಕುವವನಿರಬಹುದು, ಬಾಡಿಗೆ ಮನೆಯ ಮಾಲೀಕನಿರಬಹುದು, ಸಾಲ ಕೊಟ್ಟವನಿರಬಹುದು. ದೂರು ಕೊಟ್ಟ ಮರುದಿನದಿಂದ ಮನೆಗೆ ಜನ ಬರತೊಡಗುತ್ತಾರೆ. ಮೊದಲು ಹಿರಿಯರು, "ಹೆಣ್ಣುಮಗು, ನಾಳೆ ಮದುವೆ ಆಗಬೇಕಲ್ಲಮ್ಮ" ಎಂದು. ಆಮೇಲೆ ಊರಿನ ಯಜಮಾನರು, ದುಡ್ಡಿನ ಮಾತು ತೆಗೆದುಕೊಂಡು. ಸೋದರಮಾವನ ಮೇಲೆ ದೂರು ಬಂದ ಮನೆಗಳಲ್ಲಿ ಆಡುವ ಒಂದು ಮಾತನ್ನು ಕೇಳಿದ್ದೇನೆ, ಬರೆಯಲು ಕೈ ನಡುಗುತ್ತದೆ: "ಹೇಗೂ ಮಾವನೇ ತಾನೆ, ದೊಡ್ಡವಳಾದ ಮೇಲೆ ಅವನಿಗೇ ಕೊಟ್ಟು ಮುಗಿಸಿಬಿಡಿ." ನಮ್ಮ ಸಂಬಂಧಗಳ ಹಾಡುಗಳನ್ನು ಪಾಠ ಮಾಡುವ ನಾನು ಈ ಮಾತನ್ನು ಯಾವ ಅಧ್ಯಾಯದಲ್ಲಿ ಇಡಲಿ?

ನಮ್ಮ ಬೀದಿಯ ಹೆಂಗಸಿನ ಕಥೆ ಅಷ್ಟು ದೂರ ಹೋಗಲಿಲ್ಲ. ಅವಳದ್ದು ಸಣ್ಣ ಲೆಕ್ಕಗಳು. ಶಕ್ತಿ ಯೋಜನೆಯಿಂದ ಬಸ್ ಚಾರ್ಜು ಉಳಿಯಿತು, ದಿನದ ದುಡಿಮೆ ಉಳಿಯಲಿಲ್ಲ. ಒಂದು ವಾಯಿದೆ ಎಂದರೆ ಮೂರು ಬ್ಲೌಸು. ಹಬ್ಬದ ಮುಂಚಿನ ವಾಯಿದೆ ಎಂದರೆ ಆರು, ಜೊತೆಗೆ ಗಿರಾಕಿಯ ಬೈಗುಳ. ಒಂದೂವರೆ ವರ್ಷದಲ್ಲಿ ಎಷ್ಟು ಬ್ಲೌಸು ಎಂದು ಅವಳು ನನಗೆ ಹೇಳಿದಳು, ನಾನು ಬರೆದುಕೊಳ್ಳಲಿಲ್ಲ, ನಾಚಿಕೆಯಾಯಿತು. ಊಟ, ಬಟ್ಟೆ, ಓಡಾಟದ ಖರ್ಚಿಗೆ ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಿದರೆ ಒಂದು ವಾರದೊಳಗೆ ಹಣ ಕೊಡಬೇಕು ಎಂದು ಅದೇ ನಿಯಮಗಳಲ್ಲಿ ಇದೆ. ಎಫ್‌ಐಆರ್ ಆದ ಮೇಲೆ ಯಾವ ಹಂತದಲ್ಲಾದರೂ ಮಧ್ಯಂತರ ಪರಿಹಾರ ಕೇಳಬಹುದು, ತೀರ್ಪಿನವರೆಗೆ ಕಾಯಬೇಕಿಲ್ಲ. ಕೋರ್ಟ್ ಆದೇಶಿಸಿದರೆ 30 ದಿನದೊಳಗೆ ಸರ್ಕಾರ ಪಾವತಿಸಬೇಕು. ಅವಳಿಗೆ ಇದಾವುದೂ ಗೊತ್ತಿರಲಿಲ್ಲ. ಕನ್ನಡ ಎಂಎ ಮಾಡಿ ಇಪ್ಪತ್ತು ವರ್ಷ ಪಾಠ ಮಾಡಿದ ನನಗೂ ಗೊತ್ತಿರಲಿಲ್ಲ.

ಇಂಥ ಮನೆಯ ಮಗು ಕೋರ್ಟಿನಲ್ಲಿ ನಿಂತು "ಹಾಗೇನೂ ಆಗಿಲ್ಲ" ಎಂದುಬಿಟ್ಟರೆ ಅದಕ್ಕೆ ಪ್ರತಿಕೂಲ ಸಾಕ್ಷಿ ಎಂದು ಹೆಸರು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ಮಕ್ಕಳ ಕಾನೂನು ಕೇಂದ್ರದವರು ಕರ್ನಾಟಕವೂ ಸೇರಿ ಹಲವು ರಾಜ್ಯಗಳ ಪೋಕ್ಸೊ ನ್ಯಾಯಾಲಯಗಳನ್ನು ಅಧ್ಯಯನ ಮಾಡಿದಾಗ ಮಕ್ಕಳು ಹೀಗೆ ಮಾತು ಬದಲಿಸುವುದು ಎಷ್ಟು ಸಾಮಾನ್ಯ ಎಂಬುದು ಎದ್ದು ಕಂಡಿತ್ತು. ಪ್ರತಿಕೂಲ! ಯಾರಿಗೆ ಪ್ರತಿಕೂಲ? ಆ ಮಗುವಿಗೆ ಅನುಕೂಲವಾದದ್ದು ಯಾವುದಿತ್ತು? ಮಗುವಿನ ಸಾಕ್ಷ್ಯವನ್ನು ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಂಡ 30 ದಿನದೊಳಗೆ ದಾಖಲಿಸಬೇಕು, ಸಾಧ್ಯವಿದ್ದಷ್ಟೂ ಒಂದು ವರ್ಷದೊಳಗೆ ವಿಚಾರಣೆ ಮುಗಿಯಬೇಕು ಎಂದು 35ನೇ ಸೆಕ್ಷನ್ ಹೇಳುತ್ತದೆ. ನಾವು ತಿಂಗಳುಗಟ್ಟಲೆ ಅದನ್ನು ನೆಂಟರ ನಡುವೆ ಒಂಟಿಯಾಗಿ ಬಿಟ್ಟು, ಆಮೇಲೆ ಮಾತು ಬದಲಿಸಿತು ಎಂದು ಅದರ ಮೇಲೇ ಹೊರಿಸುತ್ತೇವೆ.

ಹೀಗಿರುವಾಗ ನಾವು ಬೀದಿಗಿಳಿದು ಕೇಳುವುದು ಏನನ್ನು? ಗಲ್ಲು. 2018ರಲ್ಲಿ 12 ವರ್ಷದೊಳಗಿನ ಹೆಣ್ಣುಮಕ್ಕಳ ಮೇಲಿನ ಅತ್ಯಾಚಾರಕ್ಕೆ ಮರಣದಂಡನೆಯವರೆಗೆ ಶಿಕ್ಷೆ ಬಂತು. 2019ರಲ್ಲಿ ಪೋಕ್ಸೊ ಕಾಯ್ದೆಗೂ ಮರಣದಂಡನೆ ಸೇರಿತು. ಚಪ್ಪಾಳೆ ಬಿತ್ತು. ಗಲ್ಲಿನ ಕಾನೂನಿಗೆ ಸರ್ಕಾರ ಒಂದು ಕುರ್ಚಿಯನ್ನೂ ಖರೀದಿಸಬೇಕಿಲ್ಲ, ಒಬ್ಬರಿಗೂ ಸಂಬಳ ಕೊಡಬೇಕಿಲ್ಲ, ಗೆಜೆಟ್ಟಿನಲ್ಲಿ ಒಂದು ಪುಟ ಸಾಕು. ಆ ಪುಟ ಅಡುಗೆಮನೆಯವರೆಗೆ ಬಂದು ಏನು ಮಾಡುತ್ತದೆ ನೋಡಿ. ತಮ್ಮನನ್ನು ಗಲ್ಲಿಗೇರಿಸುವ ಮಾತು ನಿನ್ನ ಬಾಯಿಂದ ಬರಬೇಕಾ ಎಂದು ಅಜ್ಜಿ ಕೇಳಿದರೆ ಆ ಹನ್ನೊಂದು ವರ್ಷದ್ದು ಏನು ಹೇಳೀತು? ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲೇ ಒಂದು ದೊಡ್ಡ ಅಧ್ಯಯನ ಪ್ರಕಟಿಸಿತು. 13 ರಾಜ್ಯಗಳ ಹನ್ನೆರಡು ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದಾಗಿ ಹೇಳಿದ್ದರು. ಹೆಚ್ಚಿನವರು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಬಾಯಿ ಬಿಡದ ಮಗುವಿಗೆ ಶಿಕ್ಷೆ ಹೆಚ್ಚಾಗಿದೆ ಎಂಬ ಸುದ್ದಿ ಧೈರ್ಯ ಕೊಡುತ್ತದೆಯೋ, ಬಾಯಿ ಬಿಟ್ಟರೆ ಜೊತೆಗೆ ಒಬ್ಬರು ಇರುತ್ತಾರೆ ಎಂಬ ಸುದ್ದಿ ಧೈರ್ಯ ಕೊಡುತ್ತದೆಯೋ?

ಈ ಪತ್ರಿಕೆಯನ್ನು ಓದುವವರು ನನ್ನ ಹಾಗೆ ಸಾಹಿತ್ಯದ ಹುಚ್ಚಿನವರು. ಆದ್ದರಿಂದ ನಮ್ಮ ಮೇಲೂ ಒಂದು ದೂರು. ಇಂಥ ಸುದ್ದಿ ಬಂದ ವಾರ ನಾವು ಕವಿತೆ ಬರೆಯುತ್ತೇವೆ. ಅದರಲ್ಲಿ ಮೊಗ್ಗು ಇರುತ್ತದೆ, ಅದು ಕಮರಿರುತ್ತದೆ. ರೆಕ್ಕೆ ಕತ್ತರಿಸಿದ ಹಕ್ಕಿ ಇರುತ್ತದೆ. ಪತ್ರಿಕೆಗಳ ಶೀರ್ಷಿಕೆಯಲ್ಲಿ ಕೀಚಕ ಇರುತ್ತಾನೆ, ಕಾಮಪಿಶಾಚಿ ಇರುತ್ತಾನೆ. ನಾನೂ ಬರೆದಿದ್ದೇನೆ, ಕಾಲೇಜಿನ ಮ್ಯಾಗಜೀನಿನಲ್ಲಿ ಅಚ್ಚಾಗಿದೆ, ಯಾರೂ ಹುಡುಕಬೇಡಿ. ಕಾರಿಡಾರಿನ ಬೆಂಚಿನ ಮೇಲೆ ಕೂತಾಗ ನನ್ನ ಪಕ್ಕದಲ್ಲಿದ್ದ ಹುಡುಗಿ ಕಮರಿರಲಿಲ್ಲ. ಅವಳಿಗೆ ಹಸಿವಾಗಿತ್ತು. ಕೊಕ್ಕೊ ಟೀಮಿನಿಂದ ತನ್ನನ್ನು ಬಿಟ್ಟಿದ್ದಾರೆ, ವಾಯಿದೆ ದಿನವೇ ಪ್ರಾಕ್ಟೀಸ್ ಇಡುತ್ತಾರೆ ಎಂದು ಸಿಟ್ಟಾಗಿದ್ದಳು. ಮೊಗ್ಗು ಕಮರಿತು ಎಂದು ನಾವು ಬರೆದಾಗ ಇನ್ನು ಮಾಡಲು ಏನೂ ಉಳಿದಿಲ್ಲ ಎಂದೂ ಬರೆದಂತೆ ಆಗುತ್ತದೆ. ಮಾಡಲು ಬೇಕಾದಷ್ಟು ಉಳಿದಿತ್ತು, ಒಂದು ಇಡ್ಲಿ ತಂದುಕೊಡುವುದು ಸೇರಿ. ಇನ್ನು ಕೀಚಕ. ಕೀಚಕನನ್ನು ಹುಡುಕುತ್ತಾ ಕೂತವರಿಗೆ ಟೀ ಕುಡಿಯುತ್ತ ನಿಂತ, ಇಸ್ತ್ರಿ ಮಾಡಿದ ಅಂಗಿಯ ಆ ಮನುಷ್ಯ ಕಾಣುವುದೇ ಇಲ್ಲ. ಅವನು ಹಾಗೆ ಮಾಡಿರಲಾರ, ಒಳ್ಳೆಯ ಮನುಷ್ಯ ಎಂದು ನಾವೇ ಜಾಮೀನು ಕೊಡುತ್ತೇವೆ.

ವಕೀಲ ಮಿತ್ರರೊಬ್ಬರ ಹತ್ತಿರ ಇದನ್ನೆಲ್ಲ ಹೇಳಿಕೊಂಡಾಗ ಅವರು ಒಂದು ಆಕ್ಷೇಪ ತೆಗೆದರು, ಗಟ್ಟಿಯಾದ ಆಕ್ಷೇಪವೇ. ಸದಾ ಮಗುವಿನ ಜೊತೆ ಇರುವ ಒಬ್ಬರು ಎಂದರೆ ಹೇಳಿಕೊಡುವ ಒಬ್ಬರು ಎಂದಾಗುತ್ತದೆ, ಪಾಠ ಕಲಿಸಿದ ಸಾಕ್ಷಿ ಎಂದು ಕೋರ್ಟಿನಲ್ಲಿ ಕೇಸು ಬಿದ್ದು ಹೋಗುತ್ತದೆ ಎಂದರು. ಸುಳ್ಳು ದೂರುಗಳೂ ಇವೆಯಲ್ಲ, ಆಸ್ತಿ ಜಗಳಕ್ಕೆ ಮಕ್ಕಳನ್ನು ಎಳೆಯುವವರಿದ್ದಾರಲ್ಲ ಎಂದರು. ಇದ್ದಾರೆ. ಹದಿಹರೆಯದವರು ಮೆಚ್ಚಿ ಓಡಿಹೋದದ್ದಕ್ಕೆ ಹೆತ್ತವರು ಪೋಕ್ಸೊ ಹಾಕಿಸುವುದೂ ಇದೆ, ಅದು ಬೇರೆಯೇ ಚರ್ಚೆ, ಆಗಬೇಕಾದ ಚರ್ಚೆ. ಆದರೆ ಹೇಳಿಕೊಡುವವರ ಬಗ್ಗೆ ಭಯವಿದ್ದರೆ ಮಗುವನ್ನು ಒಂಟಿ ಬಿಡುವುದು ಅದಕ್ಕೆ ಮದ್ದಲ್ಲ. ಒಂಟಿ ಬಿಟ್ಟಾಗಲೇ ಎಲ್ಲರೂ ಹೇಳಿಕೊಡುವುದು: ಅಜ್ಜಿ, ದೊಡ್ಡಪ್ಪ, ಮಾಲೀಕ, ಕೆಲವೊಮ್ಮೆ ಪೊಲೀಸರೂ. ಜೊತೆಯವರ ಕೆಲಸ ಏನಾಯಿತು ಎಂಬುದನ್ನು ಚರ್ಚಿಸುವುದಲ್ಲ, ಏನಾಗಲಿದೆ ಎಂಬುದನ್ನು ತಿಳಿಸುವುದು. ನ್ಯಾಯಾಧೀಶರು ಎಲ್ಲಿ ಕೂರುತ್ತಾರೆ, ಪ್ರಶ್ನೆ ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎನ್ನಬಹುದು, ನೆನಪಿಲ್ಲದ್ದಕ್ಕೆ ನೆನಪಿಲ್ಲ ಎನ್ನಬಹುದು, ಬಾತ್‌ರೂಮಿಗೆ ಹೋಗಬೇಕೆಂದರೆ ಕೇಳಬಹುದು. ನೆನಪಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲ ಮಗುವಿನ ಸಾಕ್ಷ್ಯ ನಿರಪರಾಧಿಯಾದ ಆರೋಪಿಗೂ ಒಳ್ಳೆಯದೇ. ಮಿತ್ರರು ಇದನ್ನು ಪೂರ್ತಿ ಒಪ್ಪಲಿಲ್ಲ.

ಸುಪ್ರೀಂ ಕೋರ್ಟ್ 2023ರ ಆಗಸ್ಟಿನಲ್ಲಿ, ಉತ್ತರ ಪ್ರದೇಶದ ಒಂದು ಪ್ರಕರಣದಲ್ಲಿ, ಇದೇ ವಿಷಯವನ್ನು ಎತ್ತಿಕೊಂಡಿತು. ಬೆಂಬಲ ವ್ಯಕ್ತಿ ಬೇಕೋ ಬೇಡವೋ ಎಂಬುದನ್ನು ತಂದೆ ತಾಯಿಯ ವಿವೇಚನೆಗೆ ಬಿಡಬಾರದು, ಹೀಗೊಂದು ಸೌಲಭ್ಯ ಇದೆ, ಅದು ನಿಮ್ಮ ಹಕ್ಕು ಎಂದು ಪ್ರತಿ ಪ್ರಕರಣದಲ್ಲೂ ತಿಳಿಸಬೇಕು ಎಂದಿತು. ಕೆಲಸಕ್ಕೆ ತಕ್ಕ ಸಂಭಾವನೆಯ ಮಾತನ್ನೂ ಆಡಿತು. ಸಂಭಾವನೆ ಎಂದಾಗ ನಮ್ಮವರ ಮುಖ ನೋಡಬೇಕು. ಇಂಥ ಕೆಲಸಕ್ಕೆ ಸೇವಾ ಮನೋಭಾವ ಬೇಕು, ದುಡ್ಡಿನ ಆಸೆ ಇರಬಾರದು ಎನ್ನುತ್ತಾರೆ, ತಿಂಗಳ ಸಂಬಳ ಬರುವವರೇ. ನಿಯಮ ಹೇಳುವುದು ನುರಿತ ಕಾರ್ಮಿಕರಿಗೆ ನಿಗದಿಯಾದ ಕನಿಷ್ಠ ವೇತನಕ್ಕಿಂತ ಕಡಿಮೆ ಇರಬಾರದು ಎಂದು. ನುರಿತ ಕೆಲಸ ಎಂದು ಒಪ್ಪಿಕೊಂಡಾದರೂ ಇದೆ. ಜಿಲ್ಲೆಗೆ ಇಬ್ಬರು ಮೂವರು ದಣಿದ ಸ್ವಯಂಸೇವಕರ ಮೇಲೆ ನೂರಾರು ಮಕ್ಕಳನ್ನು ಹೊರಿಸಿ, ಅವರು ಬಾರದ ದಿನ ಸೇವಾ ಮನೋಭಾವ ಸಾಲದು ಎನ್ನುವುದು ಸುಲಭ. ನಮ್ಮ ವಿಶ್ವವಿದ್ಯಾಲಯಗಳು ವರ್ಷ ವರ್ಷ ಸಮಾಜಕಾರ್ಯ, ಮನಃಶಾಸ್ತ್ರದ ಪದವೀಧರರನ್ನು ಹೊರಗೆ ಕಳಿಸುತ್ತವೆ, ಅವರಲ್ಲಿ ಎಷ್ಟೋ ಜನ ಮೊಬೈಲ್ ಅಂಗಡಿಯಲ್ಲಿ ಸಿಮ್ ಮಾರುತ್ತಿದ್ದಾರೆ. ನನ್ನ ವಿದ್ಯಾರ್ಥಿನಿಯೊಬ್ಬಳು ಎಂಎಸ್‌ಡಬ್ಲ್ಯು ಮುಗಿಸಿದವಳು. ಈ ಕೆಲಸದ ಬಗ್ಗೆ ಹೇಳಿದಾಗ ಅವಳು ಕೇಳಿದ ಮೊದಲ ಪ್ರಶ್ನೆ, "ಮಿಸ್, ಇದನ್ನ ನಮಗೆ ಕ್ಲಾಸಲ್ಲಿ ಯಾಕೆ ಹೇಳಲಿಲ್ಲ?"

ಮೂರನೇ ವಾಯಿದೆಯ ದಿನಕ್ಕೆ ವಾಪಸ್ ಬರುತ್ತೇನೆ. ಒಳಗೆ ಹೋಗುವ ಮುಂಚೆ, ಬೆಂಚಿನ ಮೇಲೆ, ಹುಡುಗಿ ನನ್ನನ್ನು ಕೇಳಿದ್ದಳು: "ಆಂಟಿ, ಜಡ್ಜ್ ಮೇಡಂ ಬೈತಾರಾ?" ಇಲ್ಲ ಪುಟ್ಟ ಎಂದೆ. ಬೈಯುತ್ತಾರೋ ಇಲ್ಲವೋ ನನಗೆ ಗೊತ್ತಿರಲಿಲ್ಲ. "ಅವನು ಒಳಗೆ ಇರ್ತಾನಾ?" ಅದೂ ಗೊತ್ತಿರಲಿಲ್ಲ. "ನಾನು ಎಲ್ಲಾ ಹೇಳಿದ್ಮೇಲೆ ಮತ್ತೆ ಬರ್ಬೇಕಾ?" ತಾಯಿ ನನ್ನ ಮುಖ ನೋಡಿದಳು. ಐವತ್ತು ನಿಮಿಷದ ಮೇಲೆ ಬಾಗಿಲು ತೆಗೆಯಿತು. ನ್ಯಾಯಾಧೀಶರು ಬೈದಿರಲಿಲ್ಲ. ಕುಡಿಯಲು ನೀರು ಕೊಡಿಸಿದ್ದರಂತೆ, ನಿಧಾನವಾಗಿ ಹೇಳು ಅಂದಿದ್ದರಂತೆ. ಒಳ್ಳೆಯ ನ್ಯಾಯಾಧೀಶರು. ಪರದೆಯ ಆಚೆ ಕೆಮ್ಮಿದ್ದು ಅವನೇ ಎಂದು ಹುಡುಗಿಗೆ ಗೊತ್ತಾಗಿತ್ತು, ಆಗ ಒಂದು ಪ್ರಶ್ನೆಗೆ ಉತ್ತರ ಮರೆತು ಹೋಯಿತಂತೆ.

ಮುಂದಿನ ವಾರ ನಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದ ಕಚೇರಿಗೆ ಹೋದೆ. ಬೆಂಬಲ ವ್ಯಕ್ತಿಗಳ ಹೆಸರಿನ ಪಟ್ಟಿಯನ್ನು ಅಲ್ಲಿ ಇಟ್ಟಿರಬೇಕು. ಎಷ್ಟು ಹೆಸರಿವೆ ಎಂದು ಕೇಳಿದ್ದಕ್ಕೆ ಮೇಜಿನ ಹಿಂದಿದ್ದವರು ಯೋಚಿಸಿ, "ಆರೋ ಏಳೋ ಇರಬೇಕು, ಇಬ್ಬರು ಮದುವೆಯಾಗಿ ಹೋದ್ರು" ಎಂದರು. ನನ್ನ ಹೆಸರನ್ನೂ ಸೇರಿಸಿಕೊಳ್ಳಿ ಎಂದೆ. "ನಿಮ್ಮದು ಕನ್ನಡ ಎಂಎ ಅಲ್ವಾ ಮೇಡಂ, ಸಾಹೇಬ್ರನ್ನ ಕೇಳಿ ಹೇಳ್ತೀವಿ" ಎಂದರು. ಅರ್ಜಿ ಕೊಟ್ಟು ಬಂದಿದ್ದೇನೆ, ವಿದ್ಯಾರ್ಥಿನಿಯದ್ದನ್ನೂ ಕೊಟ್ಟಿದ್ದೇನೆ.

ಮುಂದಿನ ವಾಯಿದೆ ಡಾಕ್ಟರ ಸಾಕ್ಷಿಗೆ. ಹುಡುಗಿ ಹೋಗಬೇಕಿಲ್ಲ. ನಿನ್ನೆ ಸಂಜೆ ತಾಯಿ ನನ್ನ ಬ್ಲೌಸು ಕೊಡಲು ಬಂದವಳು ಬಾಗಿಲಲ್ಲೇ ನಿಂತು ಕೇಳಿದಳು, "ಅಕ್ಕ, ತೀರ್ಪು ಬಂದ್ರೆ ನಮಗೆ ಯಾರು ಹೇಳ್ತಾರೆ?"